ಕೌಂಟರಿನ ಹಿಂದೆ ನಿಂತವರು

ಚಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ವಾಯವ್ಯ ದಿಕ್ಕಿಗೆ ಹೊರಟರೆ ಊರು ಮುಗಿಯುವುದೇ ಇಲ್ಲ. ಒಂದು ಉಪನಗರ ಮುಗಿದು ಇನ್ನೊಂದು ಶುರುವಾಯಿತೆಂಬುದು ನೀರಿನ ಟ್ಯಾಂಕಿನ ಮೇಲೆ ಬರೆದ ಹೆಸರು ಬದಲಾದಾಗ ಮಾತ್ರ ತಿಳಿಯುತ್ತದೆ. ಇನ್ನೂ ಮುಂದೆ ಹೋದರೆ ಮೆಕ್ಕೆಜೋಳದ ಹೊಲಗಳು. ಅಕ್ಟೋಬರ್ ತಿಂಗಳು, ಕೊಯ್ಲು ನಡೆದಿತ್ತು. ದಾವಣಗೆರೆ ಸೀಮೆಯವನಾದ ನನಗೆ ಒಣಗಿದ ಮೆಕ್ಕೆಜೋಳದ ದಂಟಿನ ಬಣ್ಣ ಹೊಸದಲ್ಲ. ನಮ್ಮಲ್ಲೂ ಆ ಹೊತ್ತಿಗೆ ತೆನೆ ಮುರಿದು, ಕಾಳು ಬಿಡಿಸಿ, ರಸ್ತೆಯ ಅರ್ಧಕ್ಕೆ ಹರವಿರುತ್ತಾರೆ. ಬಸ್ಸಿನವರು ಬೈದುಕೊಂಡೇ ಪಕ್ಕಕ್ಕೆ ಸರಿದು ಹೋಗುತ್ತಾರೆ. ಇಲ್ಲಿ ಕಣ್ಣಿಗೆ ಕಾಣುವಷ್ಟು ಹೊಲಕ್ಕೂ ಒಬ್ಬನೇ ಮನುಷ್ಯ, ಯಂತ್ರದ ಗಾಜಿನ ಗೂಡಿನೊಳಗೆ.

ಅಕ್ಕನ ಮಗಳ ಮನೆ ಇರುವುದು ಈ ಕಡೆಯೇ. ನಾನು ಹೋದದ್ದು ಮಿಶಿಗನ್ ಸರೋವರ ನೋಡಲು, 1893ರಲ್ಲಿ ವಿವೇಕಾನಂದರು ಮಾತಾಡಿದ, ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಆಗಿರುವ ಕಟ್ಟಡ ನೋಡಲು. ಎರಡನ್ನೂ ಕಣ್ತುಂಬ ನೋಡಿದೆ. ಆದರೆ ಊರಿಗೆ ಮರಳಿ ಬಂದ ಮೇಲೂ ಬಿಡದೆ ಕಾಡುತ್ತಿರುವುದು ಅವೆರಡೂ ಅಲ್ಲ. ಅವಳ ಪಕ್ಕದ ಮನೆಯ ಒಬ್ಬ ಹಿರಿಯ ಹೆಂಗಸು, ಮತ್ತು ಆಕೆಯ ಕಣ್ಣಿನಿಂದ ನಾನು ನೋಡಿದ ಮುಚ್ಚಿದ ಅಂಗಡಿಗಳು.

ಒಂದು ಮಧ್ಯಾಹ್ನ ಆಕೆ ಕುಂಬಳಕಾಯಿಯ ಪೈ ಹಿಡಿದುಕೊಂಡು ಬಂದರು. ದಾಲ್ಚಿನ್ನಿ, ಜಾಯಿಕಾಯಿ ಹಾಕಿ ಮಾಡಿದ್ದು, ಇನ್ನೂ ಬೆಚ್ಚಗಿತ್ತು. ನಮ್ಮ ಹುಡುಗಿ ನಾನು ಊರಿಂದ ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಈರುಳ್ಳಿ ಹೆಚ್ಚಿ ಹಾಕಿ ಮುಂದಿಟ್ಟಳು. "ಮಾಮಾ, ಇವರೂ ನಮ್ಮಜ್ಜನ ಥರಾನೇ, ಬಟ್ಟೆ ಅಂಗಡೀಲಿ ಇದ್ದೋರು" ಎಂದಳು. ಅಷ್ಟು ಹೇಳಿದ್ದೇ ತಡ, ಆಕೆ ನನ್ನ ಹೆಗಲ ಮೇಲಿದ್ದ ಶಲ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಕೈಮಗ್ಗದ್ದು ಅಲ್ಲವೇ ಎಂದರು. ನಮ್ಮಪ್ಪ ಬಟ್ಟೆ ಹಿಡಿಯುತ್ತಿದ್ದದ್ದೂ ಹಾಗೆಯೇ, ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ. ಅಪ್ಪ ಹೋಗಿ ಬಹಳ ವರ್ಷಗಳಾದವು. ಆ ಬೆರಳುಗಳನ್ನು ಇಲಿನಾಯ್‌ನ ಒಂದು ಅಡುಗೆಮನೆಯಲ್ಲಿ ಕಂಡು ನನಗೆ ಕ್ಷಣಕಾಲ ಮಾತು ಹೊರಡಲಿಲ್ಲ.

ಆಕೆ ಮದುವೆಯಾದ ಹೊಸತರಲ್ಲಿ ಸೇರಿದ್ದ ಡಿಪಾರ್ಟ್‌ಮೆಂಟ್ ಸ್ಟೋರು ಒಂದು ಸರಪಳಿಯದು, ಹತ್ತಾರು ಊರುಗಳಲ್ಲಿ ಶಾಖೆಗಳಿದ್ದದ್ದು. ಹೆಸರು ಬರೆಯಬೇಡಿ ಎಂದು ಆಕೆಯೇ ಕೇಳಿಕೊಂಡರು, ಬರೆಯುವುದಿಲ್ಲ. ಮಕ್ಕಳ ಬಟ್ಟೆಯ ವಿಭಾಗದಲ್ಲಿ ನಿಂತು ನಿಂತು ಕಾಲಿನ ನರಗಳು ಉಬ್ಬಿಕೊಂಡಿದ್ದವು. ಕೊನೆಯ ಏಳೆಂಟು ವರ್ಷದ ಕಥೆಯನ್ನು ಆಕೆ ಮಂಡಕ್ಕಿ ತಿನ್ನುತ್ತ, ನಡುನಡುವೆ ಖಾರಕ್ಕೆ ನೀರು ಕುಡಿಯುತ್ತ ಹೇಳಿದರು. ಮೊದಲು ಎಸ್ಕಲೇಟರ್ ನಿಂತಿತು. ರಿಪೇರಿ ಆಗುತ್ತದೆ ಎಂದು ಒಂದು ಚೀಟಿ ಅಂಟಿಸಿದರು, ಆ ಚೀಟಿಯ ಬಣ್ಣ ಹೋಯಿತು. ಚಾವಣಿ ಸೋರಿತು, ಮಳೆ ಬಂದ ದಿನ ಕೋಟುಗಳ ಸಾಲಿನ ನಡುವೆ ಬಕೆಟ್ ಇಟ್ಟರು. ಒಂದು ಮಹಡಿಗೆ ಎಂಟು ಜನರಿದ್ದದ್ದು ಮೂರಕ್ಕೆ ಇಳಿಯಿತು. ಇರುವ ಮೂವರೂ ಬಿಲ್ಲು ಮಾಡುವಾಗ ಪ್ರತಿ ಗಿರಾಕಿಗೂ ಅಂಗಡಿಯ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ ಎಂದು ಒತ್ತಾಯಿಸಬೇಕು, ಇಷ್ಟು ಅರ್ಜಿ ತರದಿದ್ದರೆ ಕೆಲಸದ ಗಂಟೆಗಳು ಕಡಿತ.

ಇಷ್ಟೆಲ್ಲ ಆಕೆ ಬೇಸರವಿಲ್ಲದೆ ಹೇಳಿದರು. ದನಿ ಬದಲಾದದ್ದು ಬಿಳಿ ಫ್ರಾಕಿನ ಮಾತು ಬಂದಾಗ.

ಆ ಸುತ್ತಿನಲ್ಲಿ ಮೆಕ್ಸಿಕೋದಿಂದ, ಪೋಲೆಂಡಿನಿಂದ ಬಂದ ಕ್ಯಾಥೊಲಿಕ್ ಮನೆಗಳು ಹೆಚ್ಚು. ಏಳೆಂಟು ವರ್ಷದ ಹೆಣ್ಣುಮಕ್ಕಳು ಮೊದಲ ಪರಮಪ್ರಸಾದ ಪಡೆಯುವುದು ವಸಂತದಲ್ಲಿ, ಬಿಳಿ ಗೌನು ತೊಟ್ಟು. ಬಡವರೂ ಆ ಬಟ್ಟೆಗೆ ದುಡ್ಡು ಕೂಡಿಡುತ್ತಾರೆ. ಫೆಬ್ರುವರಿ ಬಂತೆಂದರೆ ತಾಯಂದಿರು ಹುಡುಕಿಕೊಂಡು ಈಕೆಯ ಕೌಂಟರಿಗೇ ಬರುತ್ತಿದ್ದರು. ಗೌನಿನ ಜೊತೆ ಬೂಟು, ಕಾಲುಚೀಲ, ತಮ್ಮನಿಗೊಂದು ಅಂಗಿ, ಅಪ್ಪನಿಗೊಂದು ಟೈ. ಒಂದು ವರ್ಷ ಕೇಂದ್ರ ಕಚೇರಿ ಗೌನು ಕಳಿಸುವುದನ್ನೇ ನಿಲ್ಲಿಸಿತು. ಬದಲಿಗೆ ದೇಶಕ್ಕೆಲ್ಲ ಒಂದೇ ಎಂದು ಆರಿಸಿದ ಬೇಸಿಗೆ ಚಡ್ಡಿಗಳ ಪೆಟ್ಟಿಗೆಗಳು ಬಂದವು, ಹೊರಗೆ ಇನ್ನೂ ಹಿಮ ಬೀಳುತ್ತಿರುವಾಗ.

"ನಾನು ಮ್ಯಾನೇಜರಿಗೆ ಹೇಳಿದೆ. ಅವನು ಜಿಲ್ಲೆಯವನಿಗೆ ಹೇಳಿದ. ಅವನು ಯಾರಿಗೆ ಹೇಳಿದನೋ ಗೊತ್ತಿಲ್ಲ. ಕೊನೆಗೆ ನಾನೇ ಕಾಗದ ಬರೆದೆ. ಎಷ್ಟು ತಾಯಂದಿರು ಬಂದು ಬರಿಗೈಲಿ ಹೋದರು ಅಂತ ದಿನದಿನದ ಲೆಕ್ಕ ಹಾಕಿ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಉತ್ತರ ಬಂತು. ಸಹಿ ಇರಲಿಲ್ಲ. ಮುಂದಿನ ವರ್ಷವೂ ಬರೆದೆ. ಅದೇ ಉತ್ತರ, ಅದೇ ಅಕ್ಷರ." ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅಂಗಡಿ ಮುಳುಗಿದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಮುಳುಗುತ್ತಿದೆ ಅಂತ ನಮಗೆಲ್ಲ ಗೊತ್ತಿತ್ತು. ಯಾಕೆ ಅಂತಲೂ ಗೊತ್ತಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ."

ಅಳಿಯ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದ. ಆಕೆ ಹೋದ ಮೇಲೆ ಬಾಯಿಬಿಟ್ಟ. ಅಮೆರಿಕದ ದೊಡ್ಡ ಅಂಗಡಿಗಳಿಗೆ, ಟಾರ್ಗೆಟ್, ಲೋಸ್, ವಾಲ್‌ಮಾರ್ಟ್‌ಗಳಿಗೆ, ಬೆಂಗಳೂರಿನಲ್ಲಿ ಸಾವಿರಾರು ಜನರ ಕಚೇರಿಗಳಿರುವುದು ನಮಗೆಲ್ಲ ಗೊತ್ತು. ಇವನು ದುಡಿದದ್ದು ಇನ್ನೊಂದಕ್ಕೆ, ನಷ್ಟದಲ್ಲಿದ್ದ ಒಂದು ಸರಪಳಿಗೆ. "ಮಾಮಾ, ನನ್ನ ಪರದೆ ಮೇಲೆ ಅಂಗಡಿಗಳೆಲ್ಲ ಚುಕ್ಕಿಗಳು. ಮಾರಾಟ ಇಳಿದರೆ ಚುಕ್ಕಿ ಕೆಂಪಾಗೋದು. ಯಾಕೆ ಕೆಂಪಾಯ್ತು ಅಂತ ಆ ಅಂಗಡಿಗೆ ಫೋನ್ ಮಾಡಿ ಕೇಳ್ತೀನಿ ಅಂದೆ ಒಂದ್ಸಲ. ಅದು ನಿನ್ನ ಕೆಲಸ ಅಲ್ಲ ಅಂದ್ರು. ಇವರಂಥೋರು ಎಷ್ಟು ಜನ ಆ ಚುಕ್ಕಿ ಒಳಗಿದ್ರೋ." ಮರುದಿನ ಅವನೇ ರಜೆ ಹಾಕಿ, ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಚಿಕಾಗೋದ ಪಶ್ಚಿಮ ಭಾಗಕ್ಕೆ ಹೊರಟ. ಒಂದು ಕಾಲದ ದೊಡ್ಡ ಅಂಗಡಿ ಸರಪಳಿ, ಈಗ ದಿವಾಳಿಯಾದ ಸಿಯರ್ಸ್ ಬೆಳೆದ ಜಾಗ ತೋರಿಸುತ್ತೇನೆ ಎಂದು ಆಕೆಯೇ ಹೇಳಿದ್ದರು. ಆಕೆಯ ತಾಯಿ ಹರೆಯದಲ್ಲಿ ಅಲ್ಲಿ ಕ್ಯಾಟಲಾಗಿನ ಆರ್ಡರುಗಳನ್ನು ಕಟ್ಟುವ ಕೆಲಸದಲ್ಲಿದ್ದರಂತೆ.

ನಾರ್ತ್ ಲಾನ್‌ಡೇಲ್ ಬಡವರ ಬಡಾವಣೆ. ಮನೆ ಇದ್ದು ಕೆಡವಿದ ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆದಿದೆ. ಕರಿಯರ ವಸತಿಯ ಹೀನಸ್ಥಿತಿಯನ್ನು ಲೋಕಕ್ಕೆ ತೋರಿಸಲು ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಬಂದು ಬಾಡಿಗೆಗಿದ್ದದ್ದು ಈ ಬಡಾವಣೆಯಲ್ಲೇ. ಅದರ ನಡುವೆ ಹದಿನಾಲ್ಕು ಅಂತಸ್ತಿನ ಇಟ್ಟಿಗೆಯ ಗೋಪುರವೊಂದು ಎದ್ದು ನಿಂತಿದೆ. 1906ರಲ್ಲಿ ಕಟ್ಟಿದ ಸಿಯರ್ಸ್ ಕ್ಯಾಟಲಾಗ್ ಉಗ್ರಾಣದ ಉಳಿಕೆ ಅದು. ಅದರ ಬೆನ್ನಿಗಿದ್ದ, ಸುಮಾರು 30 ಲಕ್ಷ ಚದರ ಅಡಿಯ ಕಟ್ಟಡ ಈಗಿಲ್ಲ. ರೈಲು ಕಟ್ಟಡದೊಳಕ್ಕೇ ಬರುತ್ತಿತ್ತಂತೆ. ಹಳ್ಳಿಯ ರೈತ ಮನೆಯಲ್ಲಿ ಕೂತು ಪುಸ್ತಕ ನೋಡಿ ಬರೆದರೆ ಗಡಿಯಾರ, ಹೊಲಿಗೆ ಯಂತ್ರ, ನೇಗಿಲು, ಕೊನೆಗೆ ಕಟ್ಟಿಕೊಳ್ಳಬಹುದಾದ ಇಡೀ ಮನೆಯ ತೊಲೆ ಬಾಗಿಲುಗಳು ಕೂಡ ಇಲ್ಲಿಂದ ಹೋಗುತ್ತಿದ್ದವು. 1908ರಿಂದ 1940ರವರೆಗೆ ಹಾಗೆ 70,000ಕ್ಕೂ ಹೆಚ್ಚು ಮನೆಗಳು ಹೋದವು. 1925ರಲ್ಲಿ ಸಿಯರ್ಸ್‌ನ ಮೊದಲ ಅಂಗಡಿ ತೆರೆದದ್ದೂ ಇದೇ ಅಂಗಳದಲ್ಲಿ.

ಗೋಪುರದ ಕೆಳಗೆ ಗಾಳಿ ಬೀಸುತ್ತಿತ್ತು. ಆಕೆ ಕೋಟಿನ ಗುಂಡಿ ಹಾಕಿಕೊಂಡು, ತಾಯಿ ಹೇಳುತ್ತಿದ್ದ ಜೂಲಿಯಸ್ ರೋಸನ್‌ವಾಲ್ಡ್‌ನ ಮಾತು ತೆಗೆದರು. ಬಟ್ಟೆ ವ್ಯಾಪಾರದಿಂದ ಬಂದು ಸಿಯರ್ಸ್ ಕಂಪನಿಯನ್ನು ಬೆಳೆಸಿದ ಮನುಷ್ಯ. 1916ರಲ್ಲಿ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಯೋಜನೆ ತಂದ. ಮುಂದೆ ಒಂದು ಹಂತದಲ್ಲಿ ಕಂಪನಿಯ ಕಾಲು ಭಾಗದಷ್ಟು ಷೇರು ನೌಕರರ ನಿಧಿಯ ಕೈಯಲ್ಲಿತ್ತು. 1921ರ ಮುಗ್ಗಟ್ಟಿನಲ್ಲಿ ಕಂಪನಿ ಮುಳುಗುವಂತಾದಾಗ ತನ್ನ ಸ್ವಂತ ಆಸ್ತಿಯಿಂದ ಸುಮಾರು 2 ಕೋಟಿ ಡಾಲರ್ ಒದಗಿಸಿ ಉಳಿಸಿದ. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಏಳಲು ಹಣ ಕೊಟ್ಟವನೂ ಇವನೇ. ಒಳ್ಳೆಯ ಧಣಿಗಳ ಕಥೆಯನ್ನು ನಾನು ಸುಲಭಕ್ಕೆ ನಂಬುವವನಲ್ಲ. ಒಬ್ಬನ ಹೃದಯದ ಮೇಲೆ ನಿಂತ ನ್ಯಾಯ ಅವನ ಜೊತೆಗೇ ಹೋಗುತ್ತದೆ. ಆದರೆ ರೋಸನ್‌ವಾಲ್ಡ್ ತೀರಿಕೊಂಡ ಮೇಲೂ ಸಿಯರ್ಸ್ ಒಂದು ಕೆಲಸ ಮಾಡಿತು. 1939ರ ಹೊತ್ತಿಗೆ, ಅಮೆರಿಕದ ಹೆಚ್ಚಿನ ಕಂಪನಿಗಳಿಗೆ ಹೊಳೆಯುವ ಮೊದಲೇ, ನೌಕರರ ಮನಸ್ಸಿನಲ್ಲಿ ಏನಿದೆ ಎಂದು ಅಂಗಡಿಯಿಂದ ಅಂಗಡಿಗೆ ಹೋಗಿ ಕೇಳುವ ಸಮೀಕ್ಷೆ ಶುರುಮಾಡಿತು. ಜೇಮ್ಸ್ ವರ್ದಿ ಎಂಬಾತ ಆ ಉತ್ತರಗಳನ್ನು ವರ್ಷಗಟ್ಟಲೆ ಓದಿ, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಮೆಟ್ಟಿಲು ಹೆಚ್ಚಿದಷ್ಟೂ ಕೆಲಸಗಾರರ ಉತ್ಸಾಹ ಕುಗ್ಗುತ್ತದೆ ಎಂದು 1950ರಲ್ಲೇ ಬರೆದ. 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪ್ರಕಟಿಸಿದ ಸಿಯರ್ಸ್‌ನದೇ ಲೆಕ್ಕ ಇನ್ನೂ ಖಚಿತ: ನೌಕರರ ಮನೋಭಾವ 5 ಅಂಶ ಮೇಲೇರಿದರೆ ಗಿರಾಕಿಗಳ ಸಮಾಧಾನ 1.3 ಅಂಶ ಏರುತ್ತದೆ, ಆದಾಯದ ಬೆಳವಣಿಗೆ ಶೇ. 0.5 ಹೆಚ್ಚುತ್ತದೆ.

ಅಂದರೆ ಗೊತ್ತಿಲ್ಲದೆ ಕೆಟ್ಟ ಸಂಸ್ಥೆ ಇದಲ್ಲ. ಕೇಳಿಸಿಕೊಳ್ಳುವುದು ಹೇಗೆಂದು ಲೋಕಕ್ಕೆ ಪಾಠ ಹೇಳಿದ ಸಂಸ್ಥೆ. ಅದೇ ನನ್ನನ್ನು ಕೊರೆಯುತ್ತಿರುವುದು.

ವಾಪಸು ಬರುವಾಗ ಪೇಟೆಯ ನಡುವೆ 110 ಅಂತಸ್ತಿನ ಕಪ್ಪು ಗೋಪುರ ಕಂಡಿತು. 1973ರಲ್ಲಿ ಸಿಯರ್ಸ್ ತನಗಾಗಿ ಕಟ್ಟಿಸಿಕೊಂಡದ್ದು. ಅದರ ರಚನೆಯನ್ನು ಲೆಕ್ಕ ಹಾಕಿದವರು ಢಾಕಾ ಸೀಮೆಯ ಫಜ್ಲುರ್ ಖಾನ್. 2009ರಿಂದ ಅದಕ್ಕೆ ವಿಮಾ ವ್ಯವಹಾರದ ಒಂದು ಕಂಪನಿಯ ಹೆಸರು. ಲಾನ್‌ಡೇಲಿನಿಂದ ಆ ಗೋಪುರಕ್ಕೆ, ಗೋಪುರದಿಂದ 1990ರ ದಶಕದಲ್ಲಿ ಮೆಕ್ಕೆಜೋಳದ ಹೊಲಗಳ ಕಡೆಯ ಹಾಫ್‌ಮನ್ ಎಸ್ಟೇಟ್ಸ್‌ಗೆ, ಕೇಂದ್ರ ಕಚೇರಿ ಹೀಗೆ ಜಾಗ ಬದಲಿಸುತ್ತ ಹೋಯಿತು. ಕೊನೆಕೊನೆಗೆ ಮುಖ್ಯಸ್ಥರೇ ಅಲ್ಲಿರಲಿಲ್ಲ. 2005ರಲ್ಲಿ ಕೆಮಾರ್ಟ್ ಜೊತೆ ಸಿಯರ್ಸ್ ಅನ್ನು ಸೇರಿಸಿದ ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ 2013ರಿಂದ ಸ್ವತಃ ಸಿಇಒ ಆದರು. ವಾಸ ಫ್ಲೋರಿಡಾದಲ್ಲಿ, ಅಧಿಕಾರಿಗಳ ಸಭೆ ಹೆಚ್ಚಾಗಿ ವಿಡಿಯೋ ಪರದೆಯಲ್ಲಿ. ಕಂಪನಿಯನ್ನು ಮೂವತ್ತಕ್ಕೂ ಹೆಚ್ಚು ಘಟಕಗಳಾಗಿ ಒಡೆದು, ಹಣಕ್ಕಾಗಿ ಒಂದರೊಡನೊಂದು ಪೈಪೋಟಿ ನಡೆಸುವಂತೆ ಮಾಡಿದರು. ನೌಕರರಿಗೆಂದು ಮಾಡಿದ ಒಳಜಾಲದಲ್ಲಿ ಅವರು ಬೇರೆ ಹೆಸರಿಟ್ಟುಕೊಂಡು ಬರೆಯುತ್ತಿದ್ದರೆಂದು 2013ರಲ್ಲಿ ಬ್ಲೂಂಬರ್ಗ್ ಬಿಸಿನೆಸ್‌ವೀಕ್ ವರದಿ ಮಾಡಿತು. ಅದನ್ನು ಓದಿದಾಗ ನನಗೆ ಸಿಟ್ಟಿಗಿಂತ ಸಂಕಟವಾಯಿತು. ತನ್ನ ಅಂಗಡಿಯ ಜನರ ಜೊತೆ ಮಾತಾಡಲು ಒಬ್ಬ ಮುಖ್ಯಸ್ಥನಿಗೆ ಮರೆಯೇಕೆ ಬೇಕು? ಕಾರು ಹತ್ತಿ ಹೊರಟರೆ ಪ್ರತಿ ಊರಿನಲ್ಲೂ ಒಂದು ಬಾಗಿಲು ತೆರೆದೇ ಇತ್ತಲ್ಲ.

ಅಮೆಜಾನ್ ಬಂತು, ಆದ್ದರಿಂದ ಸಿಯರ್ಸ್ ಹೋಯಿತು ಎನ್ನುವ ಮಾತನ್ನು ಅಲ್ಲಿಯೂ ಇಲ್ಲಿಯೂ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮನೆಬಾಗಿಲಿಗೆ ಸರಕು ಮುಟ್ಟಿಸುವ ವಿದ್ಯೆಯಲ್ಲಿ ನೂರು ವರ್ಷದ ಅನುಭವವಿದ್ದ ಸಂಸ್ಥೆ ತನ್ನ ದೊಡ್ಡ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು, ಅಮೆಜಾನ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲು. 2005ರ ನಂತರದ ವರ್ಷಗಳಲ್ಲಿ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು ಸುಮಾರು 600 ಕೋಟಿ ಡಾಲರ್ ಸುರಿಯಿತು. ಆ ಹೊತ್ತಿನಲ್ಲೇ ಅಂಗಡಿಗಳ ಸುಣ್ಣಬಣ್ಣ, ನೆಲಹಾಸು ಹಾಳಾಗುತ್ತಿದ್ದವು. 2015ರಲ್ಲಿ ಇನ್ನೂರಕ್ಕೂ ಹೆಚ್ಚು ಅಂಗಡಿಗಳ ಕಟ್ಟಡಗಳನ್ನು 270 ಕೋಟಿ ಡಾಲರ್‌ಗೆ ಬೇರೆ ಸಂಸ್ಥೆಗೆ ಮಾರಿ, ಅವುಗಳಲ್ಲೇ ಬಾಡಿಗೆಗೆ ಕೂತಿತು. ಲ್ಯಾಂಪರ್ಟ್ ತಮ್ಮ ನಿಧಿಯಿಂದ ಸಾಲ ಕೊಟ್ಟರು ಎಂಬುದೂ ನಿಜ, ಅದಕ್ಕೆ ಕಂಪನಿಯ ಆಸ್ತಿಗಳೇ ಅಡವು ಎಂಬುದೂ ನಿಜ. 2018ರ ಅಕ್ಟೋಬರ್ 15ರಂದು ದಿವಾಳಿ ಅರ್ಜಿ ಹಾಕಿದಾಗ ಉಳಿದಿದ್ದದ್ದು ಸುಮಾರು 700 ಅಂಗಡಿ, 68,000 ನೌಕರರು. ಮರುವರ್ಷ ನಿವೃತ್ತರ ಜೀವವಿಮೆ ರದ್ದಾಯಿತು. ಸುಮಾರು 90,000 ಜನರ ಪಿಂಚಣಿಯ ಹೊರೆಯನ್ನು ಸರಕಾರದ ಖಾತರಿ ನಿಗಮ ಹೊತ್ತುಕೊಂಡಿತು. ಹಾಫ್‌ಮನ್ ಎಸ್ಟೇಟ್ಸ್‌ನ ಕಚೇರಿಯ ಜಾಗ 2023ರಲ್ಲಿ ಡೇಟಾ ಸೆಂಟರ್ ಕಟ್ಟುವವರ ಪಾಲಾಗಿ, ಕಟ್ಟಡ ನೆಲಸಮವಾಯಿತು. ಹೆದ್ದಾರಿಯಿಂದ ನೋಡಿದರೆ ಅಲ್ಲಿ ಮಣ್ಣು, ಯಂತ್ರಗಳು, ಬೇಲಿ.

ಆಕೆ ದುಡಿದ ಅಂಗಡಿಯ ಕೊನೆಯೂ ಇದಕ್ಕೆ ದೂರವಲ್ಲ. ಮುಚ್ಚುವ ಅಂಗಡಿಯ ಸರಕು ಮಾರಿಕೊಡುವವರು ಬೇರೆ ಊರಿಂದ ಬಂದರು, ಹಳದಿ ಫಲಕ ಕಟ್ಟಿದರು. ಕೊನೆಯ ವಾರ ಬಟ್ಟೆಯೆಲ್ಲ ಮುಗಿದು ಕಪಾಟು, ಕನ್ನಡಿ, ಗೊಂಬೆಗಳಿಗೂ ಬೆಲೆಚೀಟಿ ಅಂಟಿಸುವ ಕೆಲಸ ಈಕೆಯದೇ. ತನ್ನ ಕೌಂಟರಿನ ಮರದ ಹಲಗೆಗೂ ತಾನೇ ಚೀಟಿ ಅಂಟಿಸಿದೆ ಎಂದರು.

ಆ ರಾತ್ರಿ ನಿದ್ದೆ ಬರದೆ ನಾನು ದಾವಣಗೆರೆಯ ಚೌಕಿಪೇಟೆಯನ್ನು ನೆನೆದೆ. ಅಪ್ಪ ಅಲ್ಲಿಯ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರು. ಸಾವ್ಕಾರ್ರು ಗಾದಿಯ ಮೇಲೆ, ಗಲ್ಲಾಪೆಟ್ಟಿಗೆಯ ಮುಂದೆ. ಅಪ್ಪ ಮಾರು ದೂರದಲ್ಲಿ ಥಾನು ಬಿಚ್ಚುತ್ತ. ಆ ದಿನಗಳನ್ನು ಬಂಗಾರ ಎಂದು ಹೇಳಲಾರೆ. ಸಂಬಳ ಕಡಿಮೆ, ಅದೂ ತಡ. ಭವಿಷ್ಯ ನಿಧಿಯಿಲ್ಲ, ರಜೆ ಕೇಳಿದರೆ ಮುಖ ಗಂಟು. ಆದರೆ ಜಗಳೂರು, ಹರಪನಹಳ್ಳಿ ಕಡೆಯ ಹೆಣ್ಣುಮಕ್ಕಳು ಗುಳೇದಗುಡ್ಡದ ಖಣ ಕೇಳಿಕೊಂಡು ಬಂದು ಹಾಗೇ ಹೋದರೆ, ಅವರು ಮೆಟ್ಟಿಲು ಇಳಿಯುವುದು ಸಾವ್ಕಾರ್ರ ಕಣ್ಣಿಗೇ ಬೀಳುತ್ತಿತ್ತು. "ಸಾವ್ಕಾರ್ರೇ, ಖಣ ತರಿಸ್ಬೇಕ್ರಿ" ಎಂದು ಅಪ್ಪ ಅಂದರೆ "ನೀ ಹೇಳೋದೆಲ್ಲಾ ತರಿಸ್ತಾ ಕೂತ್ರೆ ನಾ ಭಿಕ್ಷೆ ಬೇಡ್ಬೇಕಾಗುತ್ತೆ" ಎಂದು ಬೈಗುಳ. ಎಂಟು ದಿನದಲ್ಲಿ ಗಂಟು ಬಂದಿರುತ್ತಿತ್ತು. ಅದು ಸಾವ್ಕಾರ್ರ ದೊಡ್ಡಗುಣವೆಂದು ನಾನು ತಿಳಿದಿಲ್ಲ. ಗಿರಾಕಿ ಹೋದರೆ ಅವರ ಕಿಸೆಗೇ ಪೆಟ್ಟು, ಅಪ್ಪನ ಮಾತು ಕಿವಿಗೆ ಬೀಳದಷ್ಟು ದೂರ ಅವರಿಗಿರಲಿಲ್ಲ. ಈಗ ಚೌಕಿಪೇಟೆಯ ಆಚೆ ದಾವಣಗೆರೆಯಲ್ಲೂ ಹೊರಗಿನ ಸರಪಳಿಗಳ ಗಾಜಿನ ಅಂಗಡಿಗಳಿವೆ. ಸಮವಸ್ತ್ರ ತೊಟ್ಟ ಹುಡುಗಿಯರು ದಿನವಿಡೀ ನಿಂತೇ ಇರುತ್ತಾರೆ, ಕೂರಲು ಒಂದು ಸ್ಟೂಲಿಲ್ಲ. ಅವರನ್ನು ನೋಡಿದಾಗಲೆಲ್ಲ, ಈ ಹುಡುಗಿ ಕಂಡುಕೊಂಡದ್ದು ಎಷ್ಟು ದೂರದವರೆಗೆ ಮುಟ್ಟುತ್ತದೆ ಎಂದು ಈಗ ಲೆಕ್ಕ ಹಾಕುತ್ತೇನೆ.

ನಾನು ಹೊರಡುವ ಮುನ್ನ ಆಕೆ ತಮ್ಮ ಹಳೆಯ ಸಹೋದ್ಯೋಗಿಗಳು ಸೇರುವ ಡೈನರಿಗೆ ಕರೆದುಕೊಂಡು ಹೋದರು. ಕೆಂಪಗೆ ಹುರಿದ ಆಲೂಗಡ್ಡೆ, ಮೊಟ್ಟೆ, ಮುಗಿದಂತೆಲ್ಲ ಸುರಿಯುವ ತೆಳ್ಳನೆ ಕಾಫಿ. ಉಪಕರಣಗಳ ವಿಭಾಗದಲ್ಲಿದ್ದ ಒಬ್ಬರು ಟಾಯ್ಸ್ ಆರ್ ಅಸ್ ನೌಕರರ ಕಥೆ ಹೇಳಿದರು. 2018ರಲ್ಲಿ ಆ ಆಟಿಕೆ ಅಂಗಡಿಗಳು ಮುಚ್ಚಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಪರಿಹಾರವಿಲ್ಲದೆ ಹೊರಬಿದ್ದರು. ಅವರು ಅಂಗಡಿಯ ಹಿಂದಿದ್ದ ಹೂಡಿಕೆ ಸಂಸ್ಥೆಗಳ ಕಚೇರಿಗೇ ಹೋದರು. ಕೆಕೆಆರ್ ಮತ್ತು ಬೇನ್ ಕ್ಯಾಪಿಟಲ್ ಕೊನೆಗೆ 2 ಕೋಟಿ ಡಾಲರಿನ ನಿಧಿ ಇಟ್ಟವು. ತಲೆಗೆ ಹಂಚಿದರೆ ಅದು ಎಷ್ಟಾಗುತ್ತದೆಂದು ಆತ ಕಾಗದದ ಕರವಸ್ತ್ರದ ಮೇಲೆ ಭಾಗಿಸಿ ತೋರಿಸಿದರು. "ಹಣ ಸ್ವಲ್ಪ. ಆದರೆ ಎದುರಿಗೆ ಕೂತು ಉತ್ತರ ಹೇಳಬೇಕಾಯಿತಲ್ಲ" ಎಂದರು.

ಅಲ್ಲಿಂದ ಆಕೆ ನನ್ನನ್ನು ನೇರ ಊರಿನ ಪುರಸಭೆಗೆ ಕರೆದೊಯ್ದರು. ಖಾಲಿ ಬಿದ್ದ ಅವರ ಅಂಗಡಿಯ ಜಾಗದಲ್ಲಿ ಏನು ಬರಬೇಕೆಂಬ ಚರ್ಚೆ ಅಂದು. ಇಲಿನಾಯ್ ಕಾನೂನಿನ ಪ್ರಕಾರ ಇಂಥ ಸಭೆಯಲ್ಲಿ ಸಾಮಾನ್ಯ ಜನರಿಗೂ ಮಾತಾಡುವ ಹಕ್ಕಿದೆ. ಆಕೆಗೆ ಸಿಕ್ಕಿದ್ದು ಮೂರು ನಿಮಿಷ. ಕೈಚೀಲದಿಂದ ಕಾಗದ ತೆಗೆದರು. ಬಸ್ಸಿಗೆ ಕಾಯುವವರಿಗೆ ಸೂರು ಬೇಕು, ಮಕ್ಕಳ ಬಟ್ಟೆಯ ಅಂಗಡಿ ಬೇಕು, ವಸಂತದಲ್ಲಿ ಬಿಳಿ ಗೌನು ಕೊಳ್ಳಲು ತಾಯಂದಿರು ಈಗ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಾರೆ ಎಂದು ಓದಿದರು. ಮೇಜಿನ ಹಿಂದಿದ್ದ ಸದಸ್ಯೆಯೊಬ್ಬರು ಪೆನ್ನು ಎತ್ತಿ, "ಅಂಥ ಮನೆಗಳು ಎಷ್ಟಿರಬಹುದು?" ಎಂದು ಕೇಳಿದರು.

ಆಕೆ ಕಾಗದವನ್ನು ತಿರುವಿ ಹಾಕಿದರು. ಸುತ್ತಲಿನ ಚರ್ಚುಗಳಿಗೆಲ್ಲ ಫೋನ್ ಮಾಡಿ ಬರೆದುಕೊಂಡಿದ್ದ ಲೆಕ್ಕ ಹಿಂಬದಿಯಲ್ಲಿತ್ತು. ಒಂದೊಂದೇ ಚರ್ಚಿನ ಹೆಸರು ಹೇಳಿ, ಎದುರಿನ ಅಂಕಿ ಓದಿದರು. ಸದಸ್ಯೆ ಬರೆದುಕೊಂಡರು, ಒಂದು ಅಂಕಿಯನ್ನು ಮತ್ತೆ ಕೇಳಿ ತಿದ್ದಿಕೊಂಡರು. ಅಧ್ಯಕ್ಷರು ಮುಂದಿನವರನ್ನು ಕರೆದರು. ಅದು ಚಳಿಗಾಲದ ರಸ್ತೆಗೆ ಹಾಕುವ ಉಪ್ಪಿನ ವಿಷಯ. ನಾನು ಎದ್ದು, ಹೊರಡೋಣವೇ ಎಂದೆ.

"ಇಲ್ಲ, ಇನ್ನೂ ನಾಲ್ಕು ಜನ ಮಾತಾಡುವವರಿದ್ದಾರೆ" ಎಂದು ಆಕೆ ಪಕ್ಕದ ಕುರ್ಚಿ ತೋರಿಸಿದರು. "ಕೇಳಿಸಿಕೊಂಡು ಹೋಗೋಣ."